ಬೂದಿ ಮೈದಾನದ ಐದನೇ ಇನಿಂಗ್ಸ್

ಬೇಸ್‌ಬಾಲ್ ತಂಡಕ್ಕೆ ಎಳ್ಳುನೀರು ಬಿಡಬೇಕೆಂದು ಹಂಟೂನ್ ಕಾಲೇಜಿನ ಆಡಳಿತ ಮಂಡಳಿಯವರು ತೀರ್ಮಾನಿಸಿ ಆಗಿತ್ತು. ಬಾಯಿಬಿಟ್ಟು ಹೇಳಲು ಒಂದು ನೆಪ ಬೇಕಾಗಿತ್ತು, ಅಷ್ಟೆ. ಫೆಬ್ರವರಿಯ ಸಭೆಯಲ್ಲಿ ಅದನ್ನೂ ಹುಡುಕಿಕೊಂಡರು. ಏಪ್ರಿಲ್ ಮುಗಿಯುವುದರೊಳಗೆ ತಂಡ ತನ್ನ ಸ್ವಂತ ಮೈದಾನದಲ್ಲಿ ಒಂದೇ ಒಂದು ಪಂದ್ಯ ಆಡಿ ತೋರಿಸಬೇಕು. ಗೆಲ್ಲಬೇಕೆಂದಿಲ್ಲ. ಆಡಿದರೆ ತಂಡ ಇನ್ನೊಂದು ವರ್ಷ ಉಳಿಯುತ್ತದೆ, ಆಡದಿದ್ದರೆ ಇಲ್ಲ. ಕೇಳಿದವರಿಗೆ ಇವರೆಷ್ಟು ಉದಾರಿಗಳಪ್ಪಾ ಅನ್ನಿಸಬೇಕು! ಅಮೆರಿಕದ ಉತ್ತರದಂಚಿನ ಸುಪೀರಿಯರ್ ಸರೋವರದ ದಂಡೆಯಲ್ಲಿ ಏಪ್ರಿಲ್ ಎಂದರೆ ಏನೆಂದು ಬಲ್ಲವರಿಗೆ ಮಾತ್ರ ಇದರೊಳಗಿನ ಕಿತಾಪತಿ ಗೊತ್ತಾಗುತ್ತಿತ್ತು. ಹಿಂದಿನ ಮೂರು ವರ್ಷವೂ ಆ ಮೈದಾನದ ಹಿಮ ಕರಗಿದ್ದು ಮೇ ತಿಂಗಳ ಎರಡನೇ ವಾರದಲ್ಲಿ. ಅಷ್ಟು ಹೊತ್ತಿಗೆ ಪಂದ್ಯಗಳೆಲ್ಲ ಮುಗಿದಿರುತ್ತಿದ್ದವು. ಪಟ್ಟಿಯಲ್ಲಿ ತವರಿನ ಪಂದ್ಯ ಎಂದಿದ್ದುದನ್ನೆಲ್ಲ ಹುಡುಗರು ಎಂಟು ಗಂಟೆ ಬಸ್ಸಿನಲ್ಲಿ ಕೂತು, ದಕ್ಷಿಣಕ್ಕೆ ಹೋಗಿ, ಇನ್ಯಾರದೋ ಮೈದಾನದಲ್ಲಿ ಆಡಿ, ಸೋತು ಬರುತ್ತಿದ್ದರು.

ಕೋಚ್ ಆರ್ನೆ ಲಟ್ವಾಲನಿಗೆ ಈ ಷರತ್ತನ್ನು ತಿಳಿಸಿದವಳು ಕ್ರೀಡಾ ನಿರ್ದೇಶಕಿ ಮೆರಿಡಿತ್ ಕ್ರಾಫ್ಟ್. ಕೆಟ್ಟವಳಲ್ಲ. ತಗ್ಗಿದ ದನಿಯಲ್ಲಿ, ಕಾಫಿ ಕೊಟ್ಟೇ ಹೇಳಿದಳು.

"ಬೇಜಾರು ಮಾಡ್ಕೋಬೇಡಿ ಆರ್ನೆ. ನಮ್ಮದು ಚಳಿ ಊರಿನ ಕಾಲೇಜು. ಐಸ್ ಹಾಕಿ ಇದೆ, ಸ್ಕೀಯಿಂಗ್ ಇದೆ, ಎರಡರಲ್ಲೂ ಗೆಲ್ತಿದ್ದೀವಿ. ಹೋದ ವರ್ಷ ನಿಮ್ಮ ಹುಡುಗರು ಮೂವತ್ತನಾಲ್ಕು ಪಂದ್ಯದಲ್ಲಿ ಗೆದ್ದಿದ್ದು ನಾಲ್ಕು. ಈ ಹವೆಗೆ ಒಗ್ಗದ ಆಟನ ಯಾಕೆ ಎಳ್ಕೊಂಡು ಹೋಗ್ಬೇಕು ಹೇಳಿ."

"ಮೇಡಂ, ಈ ಹವೆಗೆ ಟೊಮೇಟೊನೂ ಒಗ್ಗಲ್ಲ," ಅಂದ ಆರ್ನೆ. "ಹಾಗಂತ ಈ ಊರಲ್ಲಿ ಯಾವ ಮನೆಯೋರು ಟೊಮೇಟೊ ಹಾಕೋದು ಬಿಟ್ಟಿದ್ದಾರೆ, ಒಂದು ಮನೆ ತೋರಿಸಿ."

ಕಾಫಿಯನ್ನು ಹಾಗೇ ಬಿಟ್ಟು ಎದ್ದು ಬಂದ. ಇಪ್ಪತ್ತೆರಡು ವರ್ಷ ಆ ತಂಡದ ಜೊತೆ ಏಗಿದವನು. ಸಿಟ್ಟು ಬಂದರೆ ಅವನ ಕಿವಿ ಕೆಂಪಾಗುತ್ತಿತ್ತು, ಆ ಫೆಬ್ರವರಿಯಿಂದ ಅದು ಬೆಳ್ಳಗಾಗಲೇ ಇಲ್ಲ.

ಮಾರ್ಚ್ ಮೊದಲ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಊರವರನ್ನು ಕೇಳಿದ: ನಿಮ್ಮ ನಿಮ್ಮ ಸೌನಾ ಒಲೆಯ ಬೂದಿ ಎಸೀಬೇಡಿ, ಮೈದಾನಕ್ಕೆ ತಂದುಕೊಡಿ. ಸೌನಾ ಎಂಬ ಬಿಸಿಹಬೆಯ ಕೋಣೆ ಇಲ್ಲದ ಮನೆ ಆ ಊರಲ್ಲಿಲ್ಲ, ಕಟ್ಟಿಗೆ ಉರಿಸಿ ಬೆವರು ಹರಿಸದ ಶನಿವಾರವೂ ಇಲ್ಲ. ಬೂದಿಗೇನು ಬರ? ಹಿಮದ ಮೇಲೆ ಬೂದಿ ಚೆಲ್ಲಿದರೆ ಅದು ಬಿಸಿಲನ್ನು ಎಳೆದುಕೊಂಡು ಬೇಗ ಕರಗುತ್ತದೆಂಬುದು ಅಲ್ಲಿನ ಮಕ್ಕಳಿಗೂ ಗೊತ್ತಿದ್ದ ಸಂಗತಿ. ಅಂಗಳದ ದಾರಿಗೆ ಎಲ್ಲರೂ ಮಾಡುವುದೇ.

ಒಳಮೈದಾನಕ್ಕೆ ಆರ್ನೆ ಮತ್ತು ಹುಡುಗರು ಜರಡಿ ಹಿಡಿದು, ತೆಳ್ಳಗೆ, ಮೆಣಸಿನಪುಡಿ ಉದುರಿಸಿದಂತೆ ಉದುರಿಸಿದರು. ಎಡಗಡೆಯ ಹೊರಮೈದಾನವನ್ನು ಊರವರಿಗೆ ಬಿಟ್ಟುಕೊಟ್ಟದ್ದೇ ತಪ್ಪಾಯಿತು. ಅವರು ಹಟಕ್ಕೆ ಬಿದ್ದರು. ಒಬ್ಬರು ಐದು ಬಕೆಟ್ ತಂದರೆ ಪಕ್ಕದ ಮನೆಯವರು ಹತ್ತು ತಂದರು. ಎಂಬತ್ತನಾಲ್ಕು ವರ್ಷದ ಹಿಲ್ಯಾ ಅಜ್ಜಿಯಂತೂ ಮೂವತ್ತೊಂದು ಬಕೆಟ್ ಬೂದಿಯನ್ನು ಪಿಕಪ್ ಗಾಡಿಯಲ್ಲಿ ತಂದು ಸುರಿಸಿದಳು. ಅವಳ ಮೊಮ್ಮಗ ಟ್ರೆವರ್ ತಂಡದ ಹಿರಿಯ ಆಟಗಾರ. ನಾಲ್ಕು ವರ್ಷದಿಂದ ಆಡುತ್ತಿದ್ದರೂ ಅಜ್ಜಿ ಅವನ ಆಟವನ್ನು ಒಂದು ಸಲವೂ ನೋಡಿರಲಿಲ್ಲ. ಎಂಟು ಗಂಟೆ ಬಸ್ಸಿನಲ್ಲಿ ಕೂರುವ ಸೊಂಟ ಅವಳದಲ್ಲ.

ಏಪ್ರಿಲ್ ಇಪ್ಪತ್ತರ ಹೊತ್ತಿಗೆ ಒಳಮೈದಾನದ ಮಣ್ಣು ಕಂಡಿತು, ಬಲಗಡೆಯ ಒಣಹುಲ್ಲು ಕಂಡಿತು. ಎಡಗಡೆ ಮಾತ್ರ ನಾಲ್ಕು ಬೆರಳು ದಪ್ಪ ಬೂದಿಯನ್ನು ಕಂಬಳಿಯ ಹಾಗೆ ಹೊದ್ದು ಮೊಣಕಾಲೆತ್ತರದ ಹಿಮ ಹಾಯಾಗಿ ಮಲಗಿತ್ತು. ಬಿಸಿಲು ಒಳಗೆ ಇಳಿದರೆ ತಾನೆ ಕರಗುವುದು!

"ಅಜ್ಜೀ, ತೆಳ್ಳಗೆ ಅಂದಿದ್ನಲ್ಲ," ಅಂದ ಆರ್ನೆ ಹಣೆ ಹಿಡಿದುಕೊಂಡು.

"ಚೂರು ಹಾಕಿದ್ರೆ ಅಷ್ಟು ಕರಗತ್ತೆ ಅಂದ್ಮೇಲೆ ಜಾಸ್ತಿ ಹಾಕಿದ್ರೆ ಜಾಸ್ತಿ ಕರಗ್ಬೇಕಲ್ಲಪ್ಪ," ಅಂದಳು ಹಿಲ್ಯಾ ಅಜ್ಜಿ. ಒಂದು ವಾರ ಎಲ್ಲರೂ ಸೇರಿ ಗುದ್ದಲಿಯಲ್ಲಿ ಕೆತ್ತಿದರು. ತಳದಲ್ಲಿ ಅದು ಕಲ್ಲಾಗಿತ್ತು. ಕೊನೆಗೆ ಆ ಮೂಲೆಯ ಸುತ್ತ ಕೋಲು ನೆಟ್ಟು ಹಗ್ಗ ಕಟ್ಟಿ ಕೈತೊಳೆದುಕೊಂಡರು.

ಪಂದ್ಯವಿದ್ದದ್ದು ಇಪ್ಪತ್ತೊಂಬತ್ತಕ್ಕೆ, ಮಧ್ಯಾಹ್ನ ಒಂದಕ್ಕೆ. ಸಂಜೆ ಮತ್ತೆ ಹಿಮ ಬೀಳುತ್ತದೆಂದು ರೇಡಿಯೊದವರು ಹೇಳಿದ್ದರು. ಎದುರಾಳಿಗಳು ವಿಸ್ಕಾನ್ಸಿನ್‌ನಿಂದ ನಾಲ್ಕು ಗಂಟೆ ಬಸ್ಸಿನಲ್ಲಿ ಬಂದು ಆಗಲೇ ಚೆಂಡು ಎಸೆದಾಡುತ್ತಿದ್ದರು. ಹನ್ನೆರಡು ದಾಟಿತ್ತು, ಆರ್ನೆಯ ಫೋನು ಹೊಡೆದುಕೊಂಡಿತು.

"ಯಾರೋ ಮೈದಾನದ ಫೋಟೊ ಕಳಿಸಿದ್ರು, ನೋಡ್ದೆ ಆರ್ನೆ," ಅಂದಳು ಮೆರಿಡಿತ್. "ಆ ಹಿಮದಲ್ಲಿ ಯಾರಾದ್ರೂ ಕಾಲು ಮುರ್ಕೊಂಡ್ರೆ ಅವರ ಅಪ್ಪ ಅಮ್ಮಂಗೆ ಉತ್ತರ ಹೇಳೋಳು ನಾನು. ಮೈದಾನ ಸರಿಯಿಲ್ಲ ಅಂತ ಪಂದ್ಯ ರದ್ದು ಮಾಡೋ ಹಕ್ಕು ನಮಗಿದೆ. ಬರ್ತಿದ್ದೀನಿ, ಅಂಪೈರ್‌ಗೆ ನಾನೇ ಹೇಳ್ತೀನಿ."

ಹಕ್ಕೇನೋ ಇತ್ತು. ಮೈದಾನ ಆಡಲು ಯೋಗ್ಯವೋ ಅಲ್ಲವೋ ಎನ್ನುವುದು ಆತಿಥೇಯರ ಮಾತು. ಆದರೆ ಅದು ನಡೆಯುವುದು ಎರಡೂ ತಂಡದ ಆಟಗಾರರ ಹೆಸರಿನ ಚೀಟಿ ಅಂಪೈರನ ಕೈ ಸೇರುವವರೆಗೆ. ಚೀಟಿ ಕೈ ಸೇರಿತೋ, ಅಲ್ಲಿಂದಾಚೆಗೆ ಅಂಪೈರ್ ಹೇಳಿದ್ದೇ ಆಯಿತು. ಚೀಟಿ ಕೊಡುವುದು ಪಂದ್ಯಕ್ಕೆ ಐದು ನಿಮಿಷವಿರುವಾಗ. ಅದಕ್ಕಿಂತ ಮುಂಚೆ ಕೊಡಬಾರದೆಂದು ಮಾತ್ರ ಯಾವ ಪುಸ್ತಕದಲ್ಲೂ ಬರೆದಿಲ್ಲ. ಆರ್ನೆ ಫೋನು ಜೇಬಿಗೆ ತುರುಕಿ, ಬೇಲಿಯ ಪಕ್ಕ ನಿಂತಿದ್ದ ವ್ಯಾನಿನ ಕಡೆ ದಾಪುಗಾಲು ಹಾಕಿದ.

ಅಂಪೈರ್ ಡ್ವೇನ್ ಪೆಲ್ಕಿ ಅದರೊಳಗೆ ಕೂತು ಪಾಸ್ಟಿ ಎಂಬ ಮಾಂಸದ ಕಡುಬು ತಿನ್ನುತ್ತಿದ್ದ. ಅಂದು ಅವನೊಬ್ಬನೇ ಅಂಪೈರ್. ಜೊತೆಗಾರನ ಕಾರು ಕೆಟ್ಟು ದಾರಿಯಲ್ಲಿ ನಿಂತಿತ್ತು.

"ಇನ್ನೂ ಮುಕ್ಕಾಲು ಗಂಟೆ ಇದೆಯಲ್ಲೋ ಮಾರಾಯ. ತಿನ್ನೋಕಾದ್ರೂ ಬಿಡು."

"ತಿನ್ಕೊಂಡೇ ಬಾ. ಚೀಟಿ ತಗೋ."

ಆ ಗಡಿಬಿಡಿ ನೋಡಿ ಎದುರಾಳಿ ಕೋಚ್ ಸ್ಕೊಗ್ಲಂಡ್ ಕೂಡ ಬಂದ. ಎಡಮೂಲೆಯ ಬೂದು ದಿಬ್ಬವನ್ನು ದಿಟ್ಟಿಸಿದ. "ಅದೇನಯ್ಯಾ ಅದು, ಯಾರನ್ನಾದ್ರೂ ಹೂತಿದ್ದೀರಾ?"

"ಹಿಮ. ಚೆಂಡು ಹಗ್ಗ ದಾಟಿ ಅದರೊಳಗೆ ಬಿದ್ರೆ ಹೊಡೆದೋನು ಎರಡನೇ ಬೇಸ್‌ಗೆ ಹೋಗಿ ನಿಲ್ತಾನೆ. ಯಾರೂ ಒಳಗೆ ಇಳಿಯೋ ಹಾಗಿಲ್ಲ. ಒಪ್ಪಿಗೆನಾ?"

"ಒಪ್ಪಿಗೆ. ಅಷ್ಟೊಂದು ಅವಸರ ಯಾಕೆ?"

"ನಮ್ಮ ಮೇಡಂ ಬರ್ತಿದ್ದಾರೆ, ಪಂದ್ಯ ನಿಲ್ಸೋಕೆ."

ಸ್ಕೊಗ್ಲಂಡ್ ಕೋಟಿನೊಳಗಿಂದ ತನ್ನ ಚೀಟಿ ತೆಗೆದ. "ನಮ್ಮ ಕಾಲೇಜಿನೋರೂ ನಿಮ್ಮನ್ನೇ ನೋಡ್ತಾ ಕೂತಿದ್ದಾರೆ ಕಣಯ್ಯಾ. ಈ ವರ್ಷ ನಿಮ್ಮದು ಮುಚ್ಚಿದ್ರೆ ಮುಂದಿನ ವರ್ಷ ನಮ್ಮದು. ತಗೋ ಪೆಲ್ಕಿ, ನಂದೂ ಇಟ್ಕೋ."

ಮೆರಿಡಿತ್ ಕಾರಿನಿಂದಿಳಿದು ಓಡೋಡಿ ಬರುವ ಹೊತ್ತಿಗೆ ಪೆಲ್ಕಿ ಎರಡೂ ಚೀಟಿಗಳನ್ನು ಜೇಬಿಗಿಳಿಸಿ ಗುಂಡಿ ಹಾಕುತ್ತಿದ್ದ.

"ಎರಡು ನಿಮಿಷ ಮುಂಚೆ ಬಂದಿದ್ರೆ ನಿಮ್ಮ ಮಾತು ಮೇಡಂ," ಅಂದ ಬಾಯಿ ಒರೆಸಿಕೊಳ್ಳುತ್ತ. "ಈಗ ನನ್ನ ಮಾತು. ಹಗ್ಗ ಕಟ್ಟಿದ್ದಾರೆ, ಉಳಿದಿದ್ದು ಒಣಗಿದೆ. ಆಡಬಹುದು."

ಅವಳು ಆರ್ನೆಯನ್ನು ದುರುಗುಟ್ಟಿ ನೋಡಿದಳು. "ಇದನ್ನ ನಾನು ಮರೆಯಲ್ಲ."

"ಮರೀಬೇಡಿ. ಮಂಡಳಿಯೋರಿಗೂ ಹೇಳಿ."

"ಒಂಬತ್ತರಲ್ಲಿ ಐದು ಇನಿಂಗ್ಸ್ ಆದ್ರೂ ಪೂರ್ತಿ ಆಗ್ಬೇಕು, ಗೊತ್ತಲ್ಲ? ಅದಕ್ಕೂ ಮುಂಚೆ ಹಿಮ ಬಂದು ನಿಂತ್ರೆ ಅದು ಪಂದ್ಯ ಅನ್ನಿಸ್ಕೊಳ್ಳಲ್ಲ."

ಗೊತ್ತಿಲ್ಲದೆ ಏನು, ಅವನಿಗೆ ಅದೊಂದೇ ಚಿಂತೆ.

ಹುಡುಗರು ಹೇಗೆ ಆಡಿದರೆಂದು ಕೇಳಬೇಡಿ. ಮೂರು ವರ್ಷ ಕಾದು ಸಿಕ್ಕ ಮೈದಾನದಲ್ಲಿ ಕೈಗೆ ಬಂದ ಚೆಂಡನ್ನೆಲ್ಲ ಬಿಟ್ಟರು. ಆದರೂ ಬೇಲಿಯ ಸುತ್ತ ನಿಂತ ಊರವರು ಗೆದ್ದವರ ಹಾಗೆ ಕೂಗುತ್ತಿದ್ದರು. ಹಿಲ್ಯಾ ಅಜ್ಜಿ ಪಿಕಪ್‌ನೊಳಗೆ ಕಂಬಳಿ ಹೊದ್ದು ಕೂತು, ಯಾಕೆಂದು ತಿಳಿಯದೆಯೇ ಹಾರ್ನ್ ಒತ್ತುತ್ತಿದ್ದಳು. ಸಂಜೆ ಬರಬೇಕಾದ ಹಿಮ ನಾಲ್ಕನೇ ಇನಿಂಗ್ಸ್‌ಗೇ ಬಂತು. ಐದನೆಯದರಲ್ಲಿ ಎದುರಾಳಿಗಳ ಸರದಿ ಮುಗಿದಾಗ ಸ್ಕೋರು ಹನ್ನೊಂದು–ಎರಡು. ಹಂಟೂನಿನ ಮೂವರು ಔಟಾದರೆ ಐದು ಪೂರ್ತಿ. ಇಬ್ಬರು ಬೇಗನೇ ಔಟಾದರು. ಹಿಮ ದಟ್ಟವಾಯಿತು. ಮೂರನೆಯವನಾಗಿ ಬ್ಯಾಟ್ ಹಿಡಿದು ಹೊರಟವನು ಟ್ರೆವರ್.

ಪೆಲ್ಕಿ ಆರ್ನೆಯ ಹತ್ತಿರ ಬಂದು ಮುಖವಾಡ ಸರಿಸಿದ. "ಚೆಂಡು ಕಾಣ್ತಿಲ್ಲ ಆರ್ನೆ. ಇವನೊಬ್ಬನ ಸರದಿ ನೋಡ್ತೀನಿ. ಔಟಾದ್ರೆ ಪಂದ್ಯ ಪೂರ್ತಿ. ಆಗದಿದ್ರೆ ಅಲ್ಲಿಗೇ ನಿಲ್ಲಿಸ್ತೀನಿ. ಇನ್ನೊಬ್ಬನನ್ನ ಈ ಹಿಮದಲ್ಲಿ ನಿಲ್ಲಿಸೋಕೆ ನನ್ನ ಕೈಲಾಗಲ್ಲ."

ಟ್ರೆವರ್ ಕೇಳಿಸಿಕೊಂಡ. ಬುದ್ಧಿವಂತ ಹುಡುಗ.

"ಕೋಚ್, ಚಿಂತೆ ಬಿಡಿ. ಮೂರು ಸಲ ಗಾಳಿಗೆ ಬೀಸಿ ಬಂದ್ಬಿಡ್ತೀನಿ. ಎರಡು ನಿಮಿಷದ ಕೆಲಸ."

ಆರ್ನೆಯ ಮನಸ್ಸಿಗೂ ಅದು ಬಂದಿರಲಿಲ್ಲವೆಂದಲ್ಲ. ಬಂದಿತ್ತು, ಬಂದದ್ದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಗಿತ್ತು. ಹುಡುಗನ ಬಾಯಲ್ಲಿ ಅದನ್ನು ಕೇಳಿದ್ದೇ ಪಿತ್ತ ನೆತ್ತಿಗೇರಿತು.

"ಏನಂದೆ? ಬೇಕೂಂತ ಔಟಾಗ್ತೀಯಾ? ಲೋ, ಹಾಗೆ ಉಳಿಸ್ಕೊಂಡ ತಂಡ ಇಟ್ಕೊಂಡು ಏನೋ ಮಾಡ್ಲಿ ನಾನು? ಸೋಲು ನಂಗೇನೂ ಹೊಸದಲ್ಲ. ಒಂದು ಸಲನಾದ್ರೂ ಬೇಕೂಂತ ಸೋತಿದ್ದೀವಾ? ಹೋಗು, ಹೊಡಿ."

"ಹೊಡೆದ್ರೆ ತಂಡ ಹೋಗತ್ತಲ್ಲ ಕೋಚ್."

"ಹೋದ್ರೆ ಆಡ್ಕೊಂಡು ಹೋಗ್ಲಿ. ಹೊಡಿ ಅಂದೆ."

ಮೊದಲ ಚೆಂಡು ಕಾಣಿಸಲೇ ಇಲ್ಲ, ಬಿಟ್ಟ. ಎರಡನೆಯದಕ್ಕೆ ಬೀಸಿದ. ಬ್ಯಾಟಿನ ಸದ್ದಿಗೆ ಬೇಲಿಯ ಗದ್ದಲ ನಿಂತೇ ಹೋಯಿತು. ಚೆಂಡು ಬಲಗಡೆಗೆ ಹಾರಿ ಇಬ್ಬರ ನಡುವೆ ಬಿತ್ತು. ಹಿಡಿಯಲು ಓಡಿದವನು ಒದ್ದೆ ಹುಲ್ಲಿನಲ್ಲಿ ಜಾರಿ ಕೂತ. ಟ್ರೆವರ್ ಮೊದಲ ಬೇಸ್ ದಾಟಿದ, ಎರಡನೆಯದನ್ನೂ ದಾಟಿದ. ಎರಡನೆಯದರಲ್ಲೇ ಆರಾಮವಾಗಿ ನಿಲ್ಲಬಹುದಿತ್ತು. ಮೂರನೇ ಬೇಸಿನ ಪಕ್ಕ ನಿಂತ ಆರ್ನೆ ತಂಡ, ಮಂಡಳಿ, ಏಪ್ರಿಲ್ ಎಲ್ಲ ಮರೆತು ಎರಡೂ ಕೈ ಬೀಸಿ ಕಿರುಚುತ್ತಿದ್ದ: "ಬಾರೋ, ಬಾ, ಬಾ!" ಹುಡುಗ ಮುಖ ಕೆಳಗಾಗಿ ಕೆಸರಿಗೆ ಹಾರಿದ. ಚೆಂಡು ಹಿಡಿದ ಗ್ಲೌಸು ಮೈಗೆ ತಗಲುವ ಮೊದಲು ಅವನ ಕೈ ಬೇಸ್ ಮುಟ್ಟಬೇಕಿತ್ತು. ಚೆಂಡೂ ಬಂತು, ಗ್ಲೌಸೂ ಬಿತ್ತು, ಕೈಯೂ ಬೇಸ್ ಮುಟ್ಟಿತು. ಓಡಿ ಬಂದ ಪೆಲ್ಕಿ ಒಂದು ಕ್ಷಣ ನೋಡಿ ಮುಷ್ಟಿ ಎತ್ತಿದ.

"ಔಟ್!"

ಹಂಟೂನಿನ ಹುಡುಗರು ಟೋಪಿ ಎಸೆದು ಕುಣಿದರು. ಅಷ್ಟು ದೊಡ್ಡ ಅಂತರದಲ್ಲಿ ಸೋತು ಅಷ್ಟು ಸಂಭ್ರಮಪಟ್ಟ ತಂಡ ಇನ್ನೊಂದಿರಲಾರದು. ಆದರೆ ಅವರ ಕೋಚ್ ಎಲ್ಲಿ? ಅವನು ಪೆಲ್ಕಿಯ ಮುಖಕ್ಕೆ ಮುಖ ಕೊಟ್ಟು ನಿಂತು ಗಂಟಲು ಹರಿದುಕೊಳ್ಳುತ್ತಿದ್ದ.

"ಯಾವ ಬಾಯಲ್ಲಿ ಔಟು ಅಂತೀಯೋ? ಕೈ ಮೊದಲು ಮುಟ್ತು. ನಾನು ಇಲ್ಲೇ ನಿಂತಿದ್ದೆ, ಕಣ್ಣಾರೆ ನೋಡಿದೀನಿ."

ಪೆಲ್ಕಿ ದನಿ ತಗ್ಗಿಸಿದ. "ಆರ್ನೆ, ತಲೆ ನೆಟ್ಟಗಿದೆ ತಾನೆ? ನಾನು ಔಟಲ್ಲ ಅಂದ್ರೆ ಪಂದ್ಯ ಇಲ್ಲಿಗೇ ನಿಲ್ಲತ್ತೆ. ನಿನ್ನ ತಂಡ ಇರಲ್ಲ."

"ಇರದಿದ್ರೆ ಬೇಡ. ಹುಡುಗ ಔಟಾಗಿಲ್ಲ."

"ನಾನೇನು ನಿಂಗೆ ಉಪಕಾರ ಮಾಡೋಕೆ ಕೂಗಿದೆ ಅಂದ್ಕೊಂಡ್ಯಾ? ನಂಗೆ ಕಂಡಿದ್ದು ಕೂಗಿದೀನಿ. ಗ್ಲೌಸ್ ಮೊದಲು ಬಿತ್ತು. ಮುಗೀತು, ಮನೆಗೆ ಹೋಗು."

ಆರ್ನೆ ತಿರುಗಿ ಟ್ರೆವರನ ಭುಜ ಹಿಡಿದ. "ಹೇಳೋ, ಯಾವುದು ಮೊದಲು?"

ಟ್ರೆವರ್ ಬಾಯೊಳಗಿನ ಕೆಸರು ಉಗಿದ. "ಗೊತ್ತಿಲ್ಲ ಕೋಚ್. ಕಣ್ಣು ಮುಚ್ಕೊಂಡಿದ್ದೆ."

ಎದುರಾಳಿಗಳ ಬಸ್ಸು ಹೊರಟಿತು. ಊರವರೂ ಒಬ್ಬೊಬ್ಬರಾಗಿ ಚದುರಿದರು. ಮೆರಿಡಿತ್ ಫಲಿತಾಂಶದ ಹಾಳೆ ಹಿಡಿದು ಬಂದಾಗ ಅವಳ ಕೂದಲೆಲ್ಲ ಹಿಮ. ಕೊನೆಯವರೆಗೂ ಎದ್ದು ಹೋಗಿರಲಿಲ್ಲ.

"ಐದು ಇನಿಂಗ್ಸ್ ಪೂರ್ತಿ," ಅಂದಳು. "ಒಂದು ವರ್ಷ ಸಿಕ್ತು ನಿಮಗೆ. ಬಾಯಿ ಮುಚ್ಕೊಂಡು ಸಹಿ ಹಾಕಿ."

ಆರ್ನೆ ಹಾಳೆಯನ್ನು ಮೊಣಕಾಲ ಮೇಲಿಟ್ಟು ಸಹಿ ಹಾಕಿದ. ಸಹಿಯ ಕೆಳಗೆ, ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಒತ್ತಿ ಒತ್ತಿ, ಇನ್ನೊಂದು ಸಾಲು ಬರೆದ. ಮೆರಿಡಿತ್ ಬಗ್ಗಿ ಓದಿದಳು.

"ಆರ್ನೆ, ಇದನ್ನ ನಾನು ಮಂಡಳಿ ಮುಂದೆ ಇಡ್ಬೇಕು."

"ಇಡಿ," ಅಂದ ಆರ್ನೆ. "ಎಲ್ಲರಿಗೂ ಕೇಳೋ ಹಾಗೆ ಓದಿ."

ಅವನು ಬರೆದದ್ದು ಇಷ್ಟೇ: ಹುಡುಗ ಔಟಾಗಿರಲಿಲ್ಲ.