ಹೊಟ್ಟೆ ತುಂಬಿದ ಕಾಳು

ನಾಲ್ಕು ಜನರೆದುರು ಬಾಯಿ ತೆರೆದರೆ ದನಿ ಗಂಟಲಲ್ಲೇ ಕೂತುಬಿಡುತ್ತದೆ ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಥರ್ಮಾಮೀಟರ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ಗಾಜಿನ ಲೋಟ ತೊಳೆಯುತ್ತಾ ತನಗೆ ತಾನೇ ಒಪ್ಪಿಕೊಂಡಿದ್ದಳು, ಅಷ್ಟೆ. ನಾಳೆ ಕೂಲಿಯವರ ಲೈನ್‌ಮನೆಗಳ ಹೊಸ ನೀರಿನ ಟ್ಯಾಂಕಿನ ಮುಂದೆ ನಿಂತು, ಪರೀಕ್ಷೆಯ ಕಾಗದ ಅದ್ದಿ, "ನೀರು ಶುದ್ಧವಾಗಿದೆ" ಎನ್ನಬೇಕು. ಎರಡೇ ಮಾತು.

"ಎಲ್ಲಿ, ಒಂದ್ಸಲ ಹೇಳು ನೋಡೋಣ," ಎಂದ ಮ್ಯಾನೇಜರ್, ಬಾಗಿಲಿಗೆ ಒರಗಿ.

ಅವಳು ಹೇಳಿದಳು.

"ಏನು, ಸೊಳ್ಳೆ ಗುಂಯ್ ಅಂದಂಗಾಯ್ತು. ಡಿಗ್ರಿ ಓದಿದ್ಯೋ ಕತ್ತೆ ಕಾಯ್ದ್ಯೋ? ಲೈನ್‌ಮನೆಯವಳೇ ಹೇಳಿದ್ರೆ ಆ ದರಿದ್ರದವು ನಂಬ್ತವೆ ಅಂತ ನಿನ್ನ ಇಟ್ಕೊಂಡಿರೋದು. ಇಲ್ಲದಿದ್ರೆ ನಿನ್ನ ಮುಸುಡಿಗೆ ಲ್ಯಾಬ್ ಬೇಕಿತ್ತಾ?"

ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳಲು ಅವಳು ಫ್ಯಾಕ್ಟರಿಯ ಹಿತ್ತಲಿಗೆ ಹೋದಳು. ಅಲ್ಲಿ ಅಮ್ಮ ತಾಡಪಾಲಿನ ಮೇಲೆ ಕೂತು ನೀರು ಸೋಸುವ ಇದ್ದಿಲಿನ ಕರಿಕಾಳನ್ನು ಜರಡಿ ಹಿಡಿಯುತ್ತಿದ್ದಳು. ವರ್ಷಗಟ್ಟಲೆ ಗಾಜಿನ ನಳಿಗೆಗಳಿಗೆ ಪಾದರಸ ತುಂಬಿ ತುಂಬಿ ಕೈ ನಡುಗತೊಡಗಿದ ಮೇಲೆ ಅಮ್ಮನನ್ನು ಹಿತ್ತಲಿಗೆ ಹಾಕಿದ್ದರು. ಈ ಕೆಲಸಕ್ಕೆ ಆ ನಡುಕ ಒಳ್ಳೆಯದೇ ಆಗಿತ್ತು. ಜರಡಿ ತಾನಾಗಿ ಆಡುತ್ತಿತ್ತು.

"ಇದೆಲ್ಲಿದಮ್ಮ?"

"ಫ್ಯಾಕ್ಟರಿ ಕೊಳಕುನೀರಿನ ತೊಟ್ಟಿದು ಕಣೆ. ತೋಡಿ ಹೊರಗೆ ಹಾಕಿದ್ರಲ್ಲ, ಅದೇ. ಒಣಗಿಸಿ ನಮ್ಮ ಟ್ಯಾಂಕಿಗೆ ತುಂಬ್ತಾರಂತೆ. ಇಷ್ಟು ದಿನ ಅವರ ನೀರು ತೊಳೀತು, ಇನ್ಮೇಲೆ ನಮ್ದು ತೊಳೆಯುತ್ತೆ." ಅಮ್ಮ ಮುಂಗೈಯಿಂದ ಮೂಗು ಒರೆಸಿಕೊಂಡಳು. ಮೂಗಿನ ತುದಿ ಕಪ್ಪಾಯಿತು. "ನಿಮ್ಮತ್ತಿಗೆ ಹೊಟ್ಟೇಲಿರೋ ಕೂಸಿಗೆ ಅಜ್ಜಿ ಜರಡಿ ಹಿಡಿದ ನೀರು. ಪುಣ್ಯ ಮಾಡಿದೆ ಬಿಡು."

ಫ್ಯಾಕ್ಟರಿಯ ಪಾದರಸ ಇಳಿದು ಲೈನ್‌ಮನೆಗಳ ಬಾವಿ ಕೆಟ್ಟಿದ್ದಕ್ಕೇ ಈ ಟ್ಯಾಂಕು ಬಂದದ್ದು. ಕರಿಕಾಳು ಪಾದರಸವನ್ನು ಹೀರುತ್ತದೆ, ನಿಜ. ಆದರೆ ಹೊಟ್ಟೆ ತುಂಬಿದ ಮೇಲೆ ಹೀರುವುದಿಲ್ಲ, ತಿಂದದ್ದನ್ನೇ ಕಕ್ಕುತ್ತದೆ.

ಓಡಿಹೋಗಿ ಮ್ಯಾನೇಜರನ ಮುಂದೆ ನಿಂತಳು. "ಸಾರ್, ಆ ಕಾಳು ಹಳೇದು..."

"ಗೊತ್ತು ಕಣೆ ಮುಂಡೇದೆ. ಹೊಸದು ತರಿಸೋಕೆ ನಿಮ್ಮಪ್ಪ ಗಂಟು ಇಟ್ಟು ಹೋಗಿದಾನಾ? ಚರಂಡಿ ನೀರು ಕುಡಿದು ಬೆಳೆದ ಹೊಟ್ಟೆಗಳು, ಕಲ್ಲು ಹಾಕಿದ್ರೂ ಅರಗುತ್ತೆ." ತನ್ನ ನೀರಿನ ಬಾಟಲಿಯನ್ನು ಅವಳ ಕೈಗೆ ತುರುಕಿದ. "ನಾಳೆ ಲೋಟಕ್ಕೆ ಇದನ್ನ ಸುರಿದಿಟ್ಕೊ. ಕಾಗದ ಇದರಲ್ಲೇ ಅದ್ದಬೇಕು. ಬಾಯಿ ಬಿಟ್ರೆ ನಿಮ್ಮಮ್ಮ ಗೇಟಿನ ಹೊರಗೆ. ಆ ನಡುಗೋ ಕೈಗೆ ಇನ್ಯಾವ ಬೋಳಿಮಗ ಕೆಲಸ ಕೊಡ್ತಾನೆ?"

ಬೆಳಿಗ್ಗೆ ಟ್ಯಾಂಕಿನ ಮುಂದೆ ಕೊಡಗಳ ಸಾಲು. ಕುರ್ಚಿಯಲ್ಲಿ ಸರ್ಕಾರದ ಆಫೀಸರು. ಅವಳು ಮೇಜಿನ ಮೇಲೆ ಬಾಟಲಿಯ ನೀರು ಸುರಿದಿಟ್ಟ ಲೋಟಕ್ಕೆ ಕಾಗದ ಅದ್ದಿದಳು. ಪಾದರಸ ತಾಗಿದರೆ ಕೆಂಪಾಗುವ ಹಳದಿ ಕಾಗದ ಹಳದಿಯಾಗಿಯೇ ಉಳಿಯಿತು. ಆಫೀಸರು ಚಪ್ಪಾಳೆ ತಟ್ಟಿದರು.

"ಏನೇ ಲ್ಯಾಬಮ್ಮ, ನಿನ್ನ ಕಾಗದಕ್ಕೆ ಕಾಮಾಲೆ ಬಂದಂಗಿದೆಯಲ್ಲೇ. ಒಳ್ಳೇದೋ ಕೆಟ್ಟದ್ದೋ?" ಎಂದಳು ಪಕ್ಕದ ಮನೆಯ ಬೊಚ್ಚುಬಾಯಿ ಅಜ್ಜಿ. ಸಾಲು ನಕ್ಕಿತು.

"ಒಳ್ಳೇದೇ ಅಜ್ಜಿ," ಎಂದ ಮ್ಯಾನೇಜರ್. "ಮೊದಲನೇ ಲೋಟ ಬಸುರಿಗೆ ಕೊಡಿ. ಫೋಟೋ ತೆಗೀಲಿ."

ನಲ್ಲಿ ತಿರುಗಿಸಿದರು. ಅತ್ತಿಗೆ ಒಂದು ಕೈ ಸೊಂಟಕ್ಕೆ ಕೊಟ್ಟು, ಇನ್ನೊಂದರಲ್ಲಿ ತುಂಬಿದ ಲೋಟ ಹಿಡಿದು, ನಾಚುತ್ತಾ ಕ್ಯಾಮೆರಾದ ಕಡೆ ತಿರುಗಿದಳು.

ಅವಳು ಇನ್ನೊಂದು ಕಾಗದ ತೆಗೆದು ಅತ್ತಿಗೆಯ ಲೋಟಕ್ಕೆ ಅದ್ದಿದಳು. ತುದಿ ಕೆಂಪಾಯಿತು. ಕೆಂಪು ಮೇಲೇರುತ್ತಾ ಅವಳ ಬೆರಳಿನ ತನಕ ಬಂತು.

"ಬಿಸಿಲಿಗೆ ಹಾಗೆ ಕಾಣುತ್ತೆ ಸಾರ್," ಎಂದು ಆಫೀಸರ ಕಡೆ ನಗುತ್ತಲೇ ಮ್ಯಾನೇಜರ್ ಅವಳ ಮೊಣಕೈ ಹಿಡಿದು ಹಿಸುಕಿದ. "ಹೇಳಮ್ಮ, ಎಲ್ಲರೂ ಕಾಯ್ತಿದಾರೆ."

ಸಾಲಿನ ಕೊನೆಯಲ್ಲಿ ಅಮ್ಮ. ಮಗಳು ಇಷ್ಟು ಜನರ ಮುಂದೆ ನಿಂತಿರುವುದಕ್ಕೆ ಮುಖ ಬೆಳಗುತ್ತಿತ್ತು. ಖಾಲಿ ಕೊಡ ಕೈಯಲ್ಲಿ ಗಡಗಡ ಅಲುಗುತ್ತಿತ್ತು.

ಅತ್ತಿಗೆ ಲೋಟವನ್ನು ತುಟಿಗೆ ತಂದಳು.

"ಅತ್ತಿಗೆ, ಚೆಲ್ಲಿಬಿಡಿ." ಒಡೆದ ದನಿ, ಆದರೆ ಕೊನೆಯ ಕೊಡದ ತನಕ ಕೇಳಿತು. "ಅದರಲ್ಲಿ ಪಾದರಸ ಇದೆ. ಟ್ಯಾಂಕಿಗೆ ತುಂಬಿರೋದು ಅವರ ಎಂಜಲು. ಅದನ್ನ ನಮ್ಮಮ್ಮನ ಕೈಯಲ್ಲೇ ಜರಡಿ ಹಿಡಿಸಿದಾರೆ."