ಇರೋರು ಬಾಡಿಗೆಯವರು

"ಇದು ಶೀಟಲ್ಲ ಸ್ವಾಮಿ, ಯಮನ ಛತ್ರಿ!"

ಭಾವ ಸ್ಟೂಲ್ ಹತ್ತಿ, ಕೊಡೆಯ ತುದಿಯಿಂದ ಸೂರಿನ ಶೀಟಿಗೆ ಟಕಟಕ ಕುಟ್ಟಿದ. ಬೂದು ಬಣ್ಣದ ಪುಡಿ ಉದುರಿತು. "ಆಸ್ಬೆಸ್ಟಾಸ್ ಇರ್ಬೋದು. ಇದರ ಧೂಳು ಎದೆಗೆ ಇಳೀತು ಅಂದ್ರೆ ಎಷ್ಟು ವರ್ಷ ಆದ್ರೂ ಬಿಡಲ್ಲ. ಇಂಥ ಮನೆಗೆ ಆ ರೇಟಾ?"

ಮನೆ ಮಾರೋ ಮುದುಕ ಬೆವರಿದ. ಸೂಜಿಗೆ ನಗು ತಡೆಯೋಕಾಗಲಿಲ್ಲ. ಭಾವ ಹುಳುಕು ಹುಡುಕದೆ ಒಂದು ಬದನೆಕಾಯಿನೂ ಕೊಂಡವನಲ್ಲ. ಅಕ್ಕನ್ನ ನೋಡೋಕೆ ಬಂದ ದಿನವೇ ಮೂಗು ಸ್ವಲ್ಪ ಮೊಂಡು ಅಂದಿದ್ದ ಪುಣ್ಯಾತ್ಮ. ಬಟ್ಟೆ ಹೊಲಿಯೋ ನಾದಿನಿಗೆ ಸೂಜಿ ಅಂತ ಹೆಸರಿಟ್ಟವನೂ ಅವನೇ. ಈ ಮನೇಲಿ ಅರ್ಧ ಪಾಲು ಅವಳದ್ದು, ಅರ್ಧ ಅಕ್ಕ-ಭಾವನದ್ದು. ಕೊಂಡು ಬಾಡಿಗೆಗೆ ಬಿಡೋದು ಅಂತ ಮಾತಾಗಿತ್ತು.

ಮುದುಕ ರೇಟು ಇಳಿಸಿದ. ಬೀದಿಗೆ ಬಂದದ್ದೇ ಭಾವನ ಮುಖ ಊರಗಲ ಆಯ್ತು.

"ನೋಡ್ದ್ಯಾ ಸೂಜಿ? ಇನ್ನು ಕೆಳಗೊಂದು ಫಾಲ್ಸ್ ಸೀಲಿಂಗ್ ಹೊಡೆಸಿ, ಬಿಳೀ ಬಣ್ಣ ಬಳಿದ್ರೆ ಅರಮನೆ."

"ಮೊದ್ಲು ಶೀಟಿನ ಚೂರು ಟೆಸ್ಟಿಗೆ ಕೊಡೋಣ ಭಾವ."

"ತಲೆ ಕೆಟ್ಟಿದ್ಯಾ? ಟೆಸ್ಟ್ ಮಾಡಿಸಿದ್ರೆ ಗೊತ್ತಾಗ್ಬಿಡುತ್ತಲ್ಲ!"

"ಈಗ ತಾನೇ ಯಮನ ಛತ್ರಿ ಅಂದ್ರಿ?"

"ಅದು ಅವನಿಗೆ ಹೇಳಿದ್ದು ಕಣೇ. ನಾವೇನು ಇಲ್ಲಿ ಇರ್ತೀವಾ? ಇರೋರು ಬಾಡಿಗೆಯವರು."

ಸೂಜಿಗೆ ಅಂಗಾಲಿಂದ ನೆತ್ತಿವರೆಗೂ ಉರಿ ಹತ್ತಿತು.

"ನಾನೂ ಬಾಡಿಗೆಯವಳೇ! ನಾನಿರೋ ಅಂಗಡಿ ಹಿಂದಿನ ರೂಮಿನ ಸೂರಲ್ಲಿ ಏನಿದೆ ಅಂತ ಗೊತ್ತಿದ್ದೂ ನಮ್ಮ ಓನರ್ರೂ ಹಿಂಗೇ ಬೀದೀಲಿ ನಿಂತು ಹಲ್ಲು ಕಿರಿದಿದ್ನೇನೋ!"

"ಮೆತ್ತಗೆ ಮಾತಾಡೇ, ಜನ ನೋಡ್ತಾರೆ," ಅಂದಳು ಜೊತೆಗಿದ್ದ ಅಕ್ಕ.

"ನೋಡ್ಲಿ! ಶೀಟು ತೆಗೆಸಿ ಬೇರೆ ಹಾಕಿಸೋದಾದ್ರೆ ನನ್ನ ಪಾಲು. ಇಲ್ಲಾಂದ್ರೆ ಬಿಡಿಗಾಸೂ ಇಲ್ಲ."

"ತೆಗೆಸೋಕೆ ಹೋದ್ರೆ ಇಳಿಸಿದ್ದೆಲ್ಲ ಅದಕ್ಕೇ ಸುರೀಬೇಕು. ನಾನು ಬಾಯಿ ಬಡ್ಕೊಂಡಿದ್ದು ದಂಡ," ಅಂದ ಭಾವ.

"ಹಂಗಾದ್ರೆ ನಾನಿಲ್ಲ. ಮನೇನೂ ಇಲ್ಲ."

ಅಷ್ಟರಲ್ಲಿ ಎದುರುಮನೆಯಿಂದ ಒಬ್ಬ ಹೆಂಗಸು ಚಪ್ಪಲಿ ಮೆಟ್ಟದೆ ಓಡಿ ಬಂದಳು. "ಅಕ್ಕಾ, ಮನೆ ಆಯ್ತಾ? ನಮಗೇ ಬಾಡಿಗೆಗೆ ಕೊಡ್ತೀನಿ ಅಂದಿದ್ರು ಈ ಸಾರು."

ಭಾವ ಕಣ್ಸನ್ನೆ ಮಾಡಿದ. ಸೂಜಿ ಕೇರೇ ಮಾಡದೆ ಎಲ್ಲಾ ಒದರಿಬಿಟ್ಟಳು: ಶೀಟು, ಧೂಳು, ಮುಚ್ಚಿ ಹಾಕೋ ಸೀಲಿಂಗು. ಸೂಜಿಗೆ ಎದೆ ಹಗುರ ಅನ್ನಿಸಿತು.

ಹೆಂಗಸು ಬೆಚ್ಚಲಿಲ್ಲ. "ಅಷ್ಟೇನಾ? ಬನ್ನಿ ಇಲ್ಲಿ," ಅಂತ ಸೂಜಿಯ ಕೈ ಹಿಡಿದು ತನ್ನ ಮನೆಯೊಳಗೆ ಕರೆದುಕೊಂಡು ಹೋದಳು.

ಒಂದೇ ಕೋಣೆ. ಕೈ ಎತ್ತಿದರೆ ಸಿಗೋ ಸೂರು. ಅದೇ ಶೀಟು, ಇನ್ನೂ ಹಳೇದು. ಅಂಚೆಲ್ಲ ಸವೆದು ನಾರು ನಾರಾಗಿತ್ತು.

"ನಮಗೆ ಈಗ ಇರೋದೂ ಇದೇ ಅಕ್ಕ. ನಿಮ್ಮಲ್ಲಾದ್ರೆ ಕೆಳಗೆ ಏನೋ ಮುಚ್ಚಿಸ್ತಾರಂತಲ್ಲ." ಅವಳು ದನಿ ತಗ್ಗಿಸಿದಳು. "ದಮ್ಮಯ್ಯ, ಬೇಡ ಅನ್ಬೇಡಿ."

ಸೂಜಿ ಬಾಯಿ ತೆರೆದಳು. ಬೈಯೋಕೆ ಇಲ್ಲಿ ಭಾವ ಇರಲಿಲ್ಲ, ಇವಳಿದ್ದಳು.

ಕೆಳಗೆ ಹಾಸಿಗೆಯಲ್ಲಿ ಕೂಸು ಅಂಗಾತ ಮಲಗಿತ್ತು. ಅದು ನೋಡಲಿ ಅಂತ ಯಾರೋ ಶೀಟಿಗೆ ಬಣ್ಣದ ಕಾಗದದ ನಕ್ಷತ್ರಗಳನ್ನ ಅಂಟಿಸಿದ್ದರು. ಒಂದರ ಅಂಟು ಬಿಟ್ಟು, ಬೆನ್ನಿಗೆ ಬೂದು ಪುಡಿ ಮೆತ್ತಿಕೊಂಡು, ಮೆಲ್ಲಗೆ ತಿರುಗ್ತಾ ತಿರುಗ್ತಾ ಇಳಿಯಿತು. ಕೂಸು ಬೊಚ್ಚುಬಾಯಿ ತೆರೆದು, ಎರಡೂ ಕೈ ಚಾಚಿ ನಗ್ತಿತ್ತು.