ಮೊದಲ ಬೊಗಸೆ

ಸುಮಿತ್ರವ್ವನ ಮೇಲೆ ನಾನು ಹತ್ತು ವರ್ಷ ಹಲ್ಲು ಮಸೆದಿದ್ದೇನೆ. ಸುಳ್ಳೇಕೆ ಹೇಳಲಿ, ಆ ಹತ್ತು ವರ್ಷದಲ್ಲಿ ದೇವರನ್ನು ನೆನೆದದ್ದಕ್ಕಿಂತ ಅವಳನ್ನು ನೆನೆದದ್ದೇ ಹೆಚ್ಚು.

ಅವಳ ಗಂಡ ನಿಜಲಿಂಗಪ್ಪ ಗದಗಿನಲ್ಲಿ ಹತ್ತಿ ವ್ಯಾಪಾರಿ. ಹೊಂಬಳದಲ್ಲಿದ್ದ ಅವರ ಎಂಟೆಕರೆ ಎರೆಹೊಲವನ್ನು ನನ್ನ ಗಂಡ ಹುಚ್ಚಪ್ಪ ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಿದ್ದ. ವರ್ಷಕ್ಕೊಮ್ಮೆ, ಜೋಳದ ಕಾಳಿನಲ್ಲಿ ಹಾಲು ತುಂಬಿದಾಗ, ಗಂಡ ಹೆಂಡತಿ ಇಬ್ಬರೂ ಜೀಪು ಮಾಡಿಕೊಂಡು ಸೀತನಿ ತಿನ್ನಲು ಬರುತ್ತಿದ್ದರು. ಹುಚ್ಚಪ್ಪ ಕುಣಿ ತೋಡಿ, ಕುಳ್ಳಿನ ಕೆಂಡ ಮಾಡಿ, ಎಳೆ ತೆನೆ ಸುಟ್ಟು, ಬಿಸಿ ಆರುವ ಮೊದಲೇ ತಿಕ್ಕಿ ಕಾಳು ಬಿಡಿಸಬೇಕು. ನಾನು ಮೊರದಲ್ಲಿ ಕೇರಿ ಮುತ್ತಲೆಲೆಗೆ ಸುರಿಯಬೇಕು. ಮೊದಲ ಬೊಗಸೆ ಹೊಲದ ಒಡೆಯ ದಂಪತಿಗೆ, ಅದೂ ಇಬ್ಬರಿಗೂ ಒಂದೇ ಎಲೆಯಲ್ಲಿ. ಅವರು ಕೈ ತೊಳೆಯುವ ತನಕ ಉಳಿದವರು ಒಂದು ಕಾಳನ್ನೂ ಬಾಯಿಗೆ ಹಾಕುವಂತಿಲ್ಲ. ಇದು ಆ ಹೊಲದ ಪದ್ಧತಿ.

ನೋಡಲು ಚೆಂದವೇ ಇರುತ್ತಿತ್ತು, ನನ್ನ ಹೊಟ್ಟೆಕಿಚ್ಚಿಗೆ ಅದೇ ಮೂಲ. ಬೇವಿನ ನೆರಳಲ್ಲಿ ಜಮಖಾನೆ. ಅವಳು ಬೆಲ್ಲ ಮುರಿದು ಅವನ ಕೈಗೆ ಕೊಡುವುದು, ಅವನು ಗುರೆಳ್ಳು ಹಿಂಡಿಯ ಖಾರಕ್ಕೆ ಹಾ ಹೂ ಎನ್ನುತ್ತ ಅವಳ ಪಾಲಿನ ಕೆನೆಮೊಸರಿಗೂ ಕೈ ಹಾಕುವುದು, ಅವಳು ನಗುತ್ತ ಆ ಕೈಗೆ ಹೊಡೆಯುವುದು. ತಿಂದಾದ ಮೇಲೆ ಬದುವಿನ ಗುಂಟ ಕುಸುಬಿ ಹೂವು ನೋಡುತ್ತ ಇಬ್ಬರೂ ಅಡ್ಡಾಡಿ ಬರುತ್ತಿದ್ದರು. ನನಗೂ ಗಂಡನಿದ್ದ. ಅವನು ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ಕುಳಿತಿರುತ್ತಿದ್ದ.

ಅರವತ್ತೆಂಟನೆಯ ಇಸವಿಯಲ್ಲಿ ನಾನು ಚೊಚ್ಚಲ ಬಸುರಿ. ಸುಟ್ಟ ತೆನೆಯ ವಾಸನೆಗೆ ಜೀವ ತಡೆಯಲಿಲ್ಲ. ಮೊರದಿಂದ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡೆ. ಸುಮಿತ್ರವ್ವ ಕಂಡಳು.

“ಹೊಲ ನಿಮ್ಮಪ್ಪಂದೇನ?” ಎಂದಳು. ಬೈಯಲಿಲ್ಲ, ನಗುತ್ತಲೇ ಕೇಳಿದಳು. “ಎಂಜಲಾತು. ಎತ್ತಿಗೆ ಹಾಕ್ರಿ ಅದನ್ನ. ಹುಚ್ಚಪ್ಪ, ಬ್ಯಾರೆ ಸುಡು.”

ಮೊರದ ತುಂಬ ಇದ್ದ ಸೀತನಿ ಎತ್ತಿನ ಮುಂದೆ ಬಿತ್ತು. ನನ್ನ ಗಂಡ “ಹೂನ್ರಿ ಅವ್ವಾರ” ಎಂದವನೇ ಮತ್ತೆ ತೆನೆ ಮುರಿಯಲು ಹೋದ. ಬಾಯಲ್ಲಿದ್ದುದನ್ನು ನುಂಗಲೋ ಉಗುಳಲೋ ತಿಳಿಯದೆ ನಾನು ಹಾಗೇ ನಿಂತಿದ್ದೆ. ಬಸುರಿ ಬಯಸಿದ್ದನ್ನು ವೈರಿ ಕೂಡ ಇಲ್ಲ ಅನ್ನುವುದಿಲ್ಲ ನಮ್ಮ ಕಡೆ. ಆವತ್ತೇ ಅಂದುಕೊಂಡೆ, ಇದೇ ಹೊಲದಲ್ಲಿ, ಇವಳ ಕಣ್ಣೆದುರಿಗೆ, ಗಂಡನ ಮಗ್ಗುಲಲ್ಲಿ ಕುಳಿತು ನಾನು ಮೊದಲ ಬೊಗಸೆ ತಿನ್ನದಿದ್ದರೆ ನನ್ನ ಹೆಸರು ಬೀರವ್ವ ಅಲ್ಲ. ಹುಟ್ಟಿದ ಮಗಳಿಗೂ ಮೊಲೆಹಾಲಿನ ಜೊತೆ ಈ ಮಾತನ್ನೇ ಕುಡಿಸಿದೆ.

ಎಪ್ಪತ್ತೇಳರ ಕೊನೆಗೆ, ಉಳುವವನೇ ಹೊಲದೊಡೆಯ ಎಂಬ ಕಾನೂನಿನಂತೆ, ಭೂನ್ಯಾಯ ಮಂಡಳಿಯ ತೀರ್ಪು ಬಂತು. ಹೊಲ ಹುಚ್ಚಪ್ಪನ ಹೆಸರಿಗಾಯಿತು. ಓಣಿಯವರು ಪೇಡೆ ಹಂಚು ಎಂದರು. ನಾನು ಹಂಚಲಿಲ್ಲ. ದಿನಾ ಹೊಲಕ್ಕೆ ಹೋಗಿ ಒಂದು ಕಾಳು ಹಿಚುಕಿ ಹಾಲು ಬಂತೇ ಎಂದು ನೋಡುತ್ತಿದ್ದೆ.

ಹಾಲು ಬಂತು. “ಧಣ್ಯಾರನ್ನ ಸೀತನಿಗೆ ಕರೀರಿ,” ಎಂದೆ ಗಂಡನಿಗೆ.

“ಬ್ಯಾಡ ಬೀರವ್ವ. ಹೊಲ ಕಳಕೊಂಡು ಕುಂತಾರ. ಮತ್ಯಾಕ ಅವರ ಹೊಟ್ಟಿ ಉರಸೂದು?”

“ಕರೀಲಿಲ್ಲಂದ್ರ ಜನ ಏನಂತಾರ? ಹೊಲ ಬಂದ ಕೂಡ್ಲೆ ಸೊಕ್ಕು ಬಂತು ಅಂತಾರ.”

ಮರುದಿನ ಅವನೇ ಗದಗಿಗೆ ಹೋಗಿ ಕರೆದು ಬಂದ. ಅವರು ಬಂದೇ ಬರುತ್ತಾರೆಂದು ನನಗೆ ಗೊತ್ತಿತ್ತು. ಸೀತನಿಗೆ ಕರೆದರೆ ಒಲ್ಲೆ ಎನ್ನುವವರು ವೈರಿಗಳು ಮಾತ್ರ, ಅಂಥ ಹೆಸರು ನಿಜಲಿಂಗಪ್ಪನಿಗೆ ಬೇಕಿರಲಿಲ್ಲ. ತೆನೆ ಸುಡಲು ಪಕ್ಕದ ಹೊಲದ ನಜೀರಸಾಬನಿಗೆ ಹೇಳಿದೆ. ನನ್ನ ಗಂಡ ಆವತ್ತು ಕೆಂಡದ ಮುಂದೆ ಕೂರಬಾರದು, ನನ್ನ ಮಗ್ಗುಲಲ್ಲಿ ಕೂರಬೇಕು.

ಬಂದರು. ಸುಮಿತ್ರವ್ವನ ತಲೆ ಅರ್ಧ ಬೆಳ್ಳಗಾಗಿತ್ತು. ಕೈಯಲ್ಲಿ ಒಂದು ಸಿಹಿಯ ಡಬ್ಬಿ. “ಮಾದ್ಲಿ ಮಾಡೀನಿ, ಬೀರವ್ವ. ನಿಮ್ಮ ಹೊಲಕ್ಕ ಬರೀಗೈಲೆ ಹೆಂಗ ಬರೂದು?” ಎಂದಳು. ನನಗೆ ಸಿಟ್ಟು ಇನ್ನೂ ಏರಿತು. ಸೊಕ್ಕಿನಿಂದ ಬಂದಿದ್ದರೆ ನನ್ನ ಕೆಲಸ ಸುಲಭವಿತ್ತು. ಡಬ್ಬಿಯನ್ನು ಬಂಡಿಯೊಳಗೆ ಒಗೆದು, ಬಿಸಿಲು ಬೀಳುತ್ತಿದ್ದ ಬದುವಿನ ಕಡೆ ಕೈ ತೋರಿಸಿ “ಅಲ್ಲಿ ಕುಂಡ್ರಿ” ಎಂದೆ. ಇಬ್ಬರೂ ಕುಳಿತರು. ಬೇವಿನ ನೆರಳಲ್ಲಿ ನಮ್ಮ ಕಂಬಳಿ ಹಾಸಿದೆ.

ನಜೀರಸಾಬ ಸುಟ್ಟು ತಿಕ್ಕಿಕೊಟ್ಟ. ನಾನು ಕೇರಿ ಎಲೆಗೆ ಸುರಿದು, ಎಲೆಯನ್ನು ನನ್ನ ಮುಂದೆಯೇ ಇಟ್ಟುಕೊಂಡೆ. “ಬರ್ರಿ,” ಎಂದೆ ಗಂಡನಿಗೆ.

“ನಜೀರಣ್ಣ ತೆನಿ ಹೊತ್ತಸಾಕತ್ತಾನ. ನಾ ನೋಡ್ತೀನಿ ತಡಿ.”

“ಬರ್ರಿ ಅಂದ್ನೆಲ್ಲ.”

ಬಂದು ಕುಕ್ಕರಗಾಲಿನಲ್ಲಿ ಕುಳಿತ. ನಿಜಲಿಂಗಪ್ಪ ಕೆಮ್ಮಿದ್ದೇ ತಡ, “ನೀರ ಬೇಕೇನ್ರಿ ಧಣ್ಯಾರ?” ಎಂದು ಎದ್ದ. ತಂಬಿಗೆ ಕೊಟ್ಟು ಬಂದು ಕುಳಿತ. “ಅವ್ವಾರಿಗೆ ಬಿಸಲ ಹೊಡೀತೈತಿ,” ಎಂದು ಮತ್ತೆ ಎದ್ದ, ಬಂಡಿಯ ಗೋಣಿತಟ್ಟು ತಂದು ಮರೆಮಾಡಿದ. ಮೂರನೆಯ ಸಲ ಎದ್ದಾಗ ನಮ್ಮ ಎಲೆಯನ್ನೇ ಎತ್ತಿಕೊಂಡಿದ್ದ, ಅವರಿಗೆ ಕೊಡಲು. ಹತ್ತು ವರ್ಷ ಕಾದದ್ದು ಅವನ ಎರಡು ಕೈಯೊಳಗೆ ಹೊರಟುಹೋಗುತ್ತಿತ್ತು.

“ಕುಂಡ್ರು!” ಎಂದು ಚೀರಿದೆ. “ಕುಂತ ತಿನ್ನು!”

ಕುಳಿತ. ತಿನ್ನತೊಡಗಿದ. ನಾನೂ ಬೊಗಸೆ ತುಂಬಿಕೊಂಡೆ, ಸಾವಕಾಶ ಅಗಿದೆ, ಅವಳು ನೋಡಲಿ ಎಂದೇ.

“ಸುಮಿತ್ರವ್ವಾರ, ಹೊಲ ನಮ್ಮಪ್ಪಂದಲ್ರಿ, ನನ್ನ ಗಂಡಂದು,” ಎಂದೆ. “ನಾವು ತಿಂದ ಕೈ ತೊಳಕೋತೀವಿ. ಆಮ್ಯಾಲ ನಿಮಗ.”

ಅವಳ ಮುಖ ಕಪ್ಪಿಟ್ಟಿತು. ನೆನಪಿತ್ತು ಅವಳಿಗೆ, ಎಲ್ಲ ನೆನಪಿತ್ತು. ನಿಜಲಿಂಗಪ್ಪ ಎದ್ದು “ನಡಿ ಇನ್ನ” ಎಂದ. ಒಂದು ಕಾಳನ್ನೂ ಮುಟ್ಟದೆ ಇಬ್ಬರೂ ಜೀಪಿನ ಕಡೆ ನಡೆದರು. ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡದ್ದನ್ನು ಕಣ್ತುಂಬ ನೋಡಿದೆ. ನನ್ನ ಹೊಟ್ಟೆ ತಣ್ಣಗಾಯಿತು. ಅವಳ ವಿಷಯಕ್ಕೆ ನನಗೆ ಆಗಲೂ ಪಶ್ಚಾತ್ತಾಪವಿರಲಿಲ್ಲ, ಈಗಲೂ ಇಲ್ಲ.

ಇನ್ನು ಎಲೆಯ ಮುಂದೆ ನಾವಿಬ್ಬರೇ. ಬೆಲ್ಲ ಮುರಿದು ಅವನ ಕೈಗಿಟ್ಟೆ. ಮೊಸರಿನ ಕೆನೆಯನ್ನು ಅವನ ಕಡೆಗೇ ಸರಿಸಿದೆ. ಹುಚ್ಚಪ್ಪ ತಲೆ ಎತ್ತದೆ ತಿನ್ನುತ್ತಿದ್ದ, ಹೊತ್ತು ಮುಳುಗುವುದರೊಳಗೆ ಮುಗಿಸಬೇಕಾದ ಕೆಲಸದಂತೆ.

“ಸಾಕಾದ್ರ ಬಿಡ್ರಿ,” ಎಂದೆ. ಬಾಯಿಯ ಹತ್ತಿರ ಹೋಗಿದ್ದ ಕೈ ಅಲ್ಲೇ ನಿಂತಿತು.

“ಹೆಂಗೈತಿ ಸೀತನಿ?”

“ರುಚಿ ಗೊತ್ತಾಗಲಿಲ್ಲ,” ಎಂದ. ಕೈಯಲ್ಲಿದ್ದ ಕಾಳನ್ನು ಎಲೆಗೆ ಹಾಕಿ, ಸಿಟ್ಟಿಲ್ಲದೆ ಹೇಳಿದ, “ಅವರು ಏಳಂದ್ರ ಎದ್ದೆ, ಸುಡಂದ್ರ ಸುಟ್ಟೆ. ಇವತ್ತ ನೀ ಕುಂತ ತಿನ್ನಂದಿ, ತಿಂದೆ. ನನಗ ಹಸಿವೈತೋ ಇಲ್ಲೋ ಅಂತ ಅವರೂ ಕೇಳಲಿಲ್ಲ, ನೀನೂ ಕೇಳಲಿಲ್ಲ.”

ಕೈ ಕೊಡವಿ ಎದ್ದು ನಜೀರಸಾಬನ ಹತ್ತಿರ ಹೋದ. ಸುಮಿತ್ರವ್ವನಿಗೆ ಹೇಳಲು ಹತ್ತು ವರ್ಷ ಮಾತು ಹೊಂದಿಸಿಟ್ಟಿದ್ದೆ. ಇವನಿಗೆ ಹೇಳಲು ನನ್ನ ಬಳಿ ಒಂದೂ ಇರಲಿಲ್ಲ. ಎಲೆಯಲ್ಲಿ ಉಳಿದದ್ದನ್ನು ನಾನೊಬ್ಬಳೇ ತಿಂದೆ.